ಎಂಟು ಕಾಲಿನ ಸವತಿ

ಅರವತ್ತೆರಡನೆಯ ವಯಸ್ಸಿನಲ್ಲಿ ಹೆಂಗಸೊಬ್ಬಳಿಗೆ ಗಂಡನ ವಿಷಯದಲ್ಲಿ ಹೊಟ್ಟೆಕಿಚ್ಚು ಹುಟ್ಟಿದರೆ ಕೇಳಿದವರು ನಗುತ್ತಾರೆ. ಅದು ಒಂದು ಜೇಡರಹುಳುವಿನಿಂದ ಹುಟ್ಟಿತೆಂದರೆ ನಗುವುದನ್ನೂ ಬಿಟ್ಟು ಡಾಕ್ಟರ ಹೆಸರು ಹೇಳುತ್ತಾರೆ. ಹಾಗಾಗಿ ಯೆರವಡಾದ ಭೀಮವ್ವ ತನ್ನ ಸಂಕಟವನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಸೋಲಾಪುರದ ತಂಗಿಗೆ ದಿನವೂ ಫೋನು ಮಾಡುತ್ತಿದ್ದಳು, ಸಾರಿಗೆ ಹಾಕಿದ ಒಗ್ಗರಣೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು, ಇದೊಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದಳು.

ಹುಳ ಮನೆಗೆ ಬಂದದ್ದು ಪಕ್ಕದ ಫ್ಲ್ಯಾಟಿನ ಸುಹಾಸನಿಂದ. ಅವನಿಗೆ ಇಂಥವನ್ನು ಸಾಕುವ ಹುಚ್ಚು. ಬಾರಾಮತಿಯ ಡೇರಿಯೊಂದರಲ್ಲಿ ಕೆಲಸ ಸಿಕ್ಕಿ ಹೊರಟಾಗ, ಅಲ್ಲಿದ್ದ ಅವನ ತಾಯಿ "ಮನೆಯಲ್ಲಿ ಅದಿರಬೇಕು, ಇಲ್ಲ ನಾನಿರಬೇಕು" ಎಂದಳಂತೆ. ಸುಹಾಸ ತಾಯಿಯನ್ನು ಇಟ್ಟುಕೊಂಡು, ಹುಳುವನ್ನು ಗಾಜಿನ ಪೆಟ್ಟಿಗೆ ಸಮೇತ ಈರಬಸಪ್ಪನಿಗೆ ಒಪ್ಪಿಸಿದ. ಟರಾಂಟುಲಾ ಎಂಬ ಜಾತಿ, ಚಿಲಿ ದೇಶದ ಮೂಲ. ಅಂಗೈಯಗಲ ಮೈ, ಮೈತುಂಬ ಕಂದುಗುಲಾಬಿ ಕೂದಲು, ರೋಜಿ ಎಂದು ಹೆಸರು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ಒಡೆಯ ಎಂಬಲ್ಲಿ ಈಗ ಈರಬಸಪ್ಪನ ಹೆಸರು ಬಂದಿತ್ತು. "ಹೆಣ್ಣು, ಕಾಕೂ. ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ" ಎಂದು ಸುಹಾಸ ಮರಾಠಿಯಲ್ಲಿ ಹೇಳಿದಾಗ ಭೀಮವ್ವ ಮನಸ್ಸಿನಲ್ಲೇ ತನ್ನ ವಯಸ್ಸಿಗೆ ಹತ್ತು ಕೂಡಿಸಿ ನೋಡಿಕೊಂಡಳು.

ಅದು ಬಂದು ಈಗ ಎಂಟು ತಿಂಗಳಾಗಿತ್ತು. ಬಂದ ದಿನವೇ ಕಿಟಕಿಯ ಕೆಳಗಿನ ಜಾಗ ಅದಕ್ಕಾಯಿತು. ಅಲ್ಲಿದ್ದ ಭೀಮವ್ವನ ಹೊಲಿಗೆಯಂತ್ರ ಮಲಗುವ ಕೋಣೆಯ ಮೂಲೆ ಸೇರಿತು. ಬೆಳಕಿಲ್ಲದ ಆ ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುವಾಗಲೆಲ್ಲ ಅವಳು ಚಿಲಿ ದೇಶಕ್ಕೆ ಒಂದಿಷ್ಟು ಶಾಪ ಹಾಕುತ್ತಿದ್ದಳು.

ಈರಬಸಪ್ಪ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಟೈಮ್‌ಕೀಪರನಾಗಿದ್ದವನು. ಯಾರು ಎಷ್ಟು ಹೊತ್ತಿಗೆ ಒಳಬಂದರು, ಎಷ್ಟು ಹೊತ್ತಿಗೆ ಹೊರಹೋದರು ಎಂದು ನೋಡುವುದೇ ಅವನ ಬದುಕಾಗಿತ್ತು. ನಿವೃತ್ತನಾದ ಮೇಲೆ ನೋಡಲು ಏನೂ ಇಲ್ಲದೆ ಗೋಡೆ ನೋಡುತ್ತಿದ್ದವನಿಗೆ ರೋಜಿ ಸಿಕ್ಕಿತು. ಈಗ ಕುರ್ಚಿಯನ್ನು ಪೆಟ್ಟಿಗೆಯ ಮುಂದೆ ಹಾಕಿಕೊಂಡು ಕೂಡುತ್ತಿದ್ದ. ಅದು ಮಡಕೆಯ ಚೂರಿನಡಿಯಿಂದ ಎಷ್ಟು ಗಂಟೆಗೆ ಹೊರಬಂತು, ಎಷ್ಟು ಗಂಟೆಗೆ ಒಳಹೋಯಿತು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದ. ಬರೆದರೆ ಬರೆದುಕೊಳ್ಳಲಿ, ಅದರ ಜೊತೆ ಮಾತಾಡುತ್ತಿದ್ದ. "ರೋಜೀಬಾಯಿ, ಇವತ್ತ ಭಾಳ ತಡಾ ಆತಲ್ಲ" ಎನ್ನುತ್ತಿದ್ದ. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. "ಏ" ಎಂದರೆ ಅವಳು ಬರಬೇಕು, ಬರುತ್ತಿದ್ದಳು. ಹುಳುವಿನ ಹೆಸರಿಗೆ 'ಬಾಯಿ' ಎಂದು ಗೌರವ ಹಚ್ಚುವುದನ್ನು ಅಡುಗೆಮನೆಯಿಂದ ಕೇಳಿಸಿಕೊಳ್ಳುವಾಗ ಅವಳ ಹೊಟ್ಟೆಯಲ್ಲಿ ಒಲೆ ಹೊತ್ತುತ್ತಿತ್ತು.

ಶ್ರಾವಣದಲ್ಲಿ ತಂಗಿಯ ಮಗಳ ಹೊಸ ಮನೆಯ ವಾಸ್ತುಶಾಂತಿ ಬಂತು. ಇಬ್ಬರೂ ಹೋಗಬೇಕಾದ ಕಾರ್ಯ. ಭೀಮವ್ವ ಎಂಟು ದಿನ ಮೊದಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಳು.

"ನೀ ಹೋಗಿ ಬಾ. ನಾ ರೋಜೀನ ಬಿಟ್ಟು ಹೆಂಗ ಬರ್ಲಿ?" ಎಂದ ಈರಬಸಪ್ಪ.

"ಹದಿನೈದ ದಿನ ಉಪವಾಸ ಇದ್ರೂ ಅದಕ್ಕೇನೂ ಆಗಂಗಿಲ್ಲಂತ ನೀವಽ ಹೇಳ್ತಿದ್ರಿ."

"ತಿನ್ನೂ ಮಾತಲ್ಲ. ಒಬ್ಬಾಕಿನಽ ಇದ್ದರ ಬ್ಯಾಸರಾಗ್ತದ ಅದಕ್ಕ."

ಆ ಒಂದು ಮಾತಿಗೆ ಭೀಮವ್ವನ ಮೈಯೆಲ್ಲ ಉರಿದುಹೋಯಿತು. ಅವನು ಎರಡೆರಡು ಪಾಳಿ ದುಡಿಯುತ್ತಿದ್ದ ದಿನಗಳಲ್ಲಿ, ಮರಾಠಿ ಬಾರದ ಊರಲ್ಲಿ, ಒಂದು ಖೋಲಿಯ ಮನೆಯಲ್ಲಿ ಅವಳು ಗೋಡೆಯ ಜೊತೆ ಮಾತಾಡಿಕೊಂಡು ಕಾಲ ಕಳೆದಿದ್ದಳು. ಅವಳಿಗೆ ಬೇಸರವಾಗುತ್ತದೆಯೇ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಅವಳು ಸೀರೆಯನ್ನು ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಅವನು ಹಾಲು ತರಲು ಕೆಳಗೆ ಹೋದ. ಭೀಮವ್ವ ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೆ ಗ್ಯಾಸು ಆರಿಸಿ ಎದ್ದಳು. ಹುಳುವಿನ ಪೆಟ್ಟಿಗೆ ಬಾಲ್ಕನಿಗೆ, ಹೊಲಿಗೆಯಂತ್ರ ಕಿಟಕಿಗೆ. ಅಷ್ಟೇ ಅವಳ ಲೆಕ್ಕಾಚಾರ. ಕೈ ಒರೆಸಿಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ನೀರಿನ ಕೊಡದ ಹಾಗೆ ಎಡಸೊಂಟಕ್ಕೆ ಇಟ್ಟುಕೊಂಡು, ಬಾಲ್ಕನಿಯ ಬಾಗಿಲು ತೆಗೆಯಲು ಬಲಗೈ ಬಿಟ್ಟಳು. ಪೆಟ್ಟಿಗೆ ವಾಲಿತು. ಚಿಲಕ ಅವಳ ಸೊಂಟಕ್ಕೆ ಸಿಕ್ಕು ಕಳಚಿಕೊಂಡು ಮುಚ್ಚಳ ಸರಿಯಿತು. ಮುಚ್ಚಳದ ಒಳಮೈಗೆ ಅಂಟಿಕೊಂಡಿದ್ದ ರೋಜಿ ಅಂಚಿಗೆ ಬಂದು ನಿಂತಿತು. ಬಲಗೈ ಖಾಲಿಯೇ ಇತ್ತು. ಮುಚ್ಚಳವನ್ನು ಒಂದು ಬೆರಳಿನಿಂದ ತಳ್ಳಿದ್ದರೆ ಸಾಕಿತ್ತು. ಅವಳು ತಳ್ಳಲಿಲ್ಲ. ಕಣ್ಣು ಮಿಟುಕಿಸುವಷ್ಟೇ ಹೊತ್ತು, ಆದರೆ ಆ ಹೊತ್ತಿನಲ್ಲಿ ಅವಳ ಮನಸ್ಸು "ಹೋಗ್ಲಿ ಅತ್ಲಾಗ" ಎಂದದ್ದು ನಿಜ.

ಅದು ನೆಲದ ಶಹಾಬಾದಿ ಫರಸಿಕಲ್ಲಿನ ಮೇಲೆ, ಹಸಿ ಹಿಟ್ಟಿನ ಉಂಡೆ ಬಿದ್ದಂತೆ ಬಿತ್ತು.

ಬಿದ್ದ ಮೇಲೆ ಅವಳ ಜೀವ ಬಾಯಿಗೆ ಬಂತು. ಪೆಟ್ಟಿಗೆಯನ್ನು ಓಡಿಹೋಗಿ ಮೊದಲಿನ ಜಾಗದಲ್ಲೇ ಇಟ್ಟು ಬಂದು ನೋಡಿದರೆ, ಹುಳುವಿನ ಹೊಟ್ಟೆಯ ಮೇಲೆ ಉಗುರಿನಷ್ಟು ಉದ್ದ ಸೀಳಿತ್ತು. ಅದರಿಂದ ತಿಳಿನೀಲಿ ನೀರು ಒಸರುತ್ತಿತ್ತು. ಬಾಗಿಲ ಸದ್ದಾಯಿತು. ಈರಬಸಪ್ಪ ಹಾಲಿನ ಚೀಲ ಹಿಡಿದು ನಿಂತಿದ್ದ.

"ಹೆಂಗ ಬಿತ್ತು?"

"ನೀವು ಚಿಲಕಾ ಹಾಕಿದ್ದಿಲ್ಲ. ತಾನಽ ಹತ್ತಿ ಬಂದು ಬಿದ್ದದ."

ಬೈಗುಳಕ್ಕೆ ಹೆದರಿ ಹೇಳಿದ ಸುಳ್ಳಲ್ಲ ಅದು. ಈರಬಸಪ್ಪನ ನಾಲಿಗೆ ಖಾರದ್ದೇ, ಆದರೆ ಅದಕ್ಕೆ ಅವಳ ಬಳಿ ಮದ್ದಿತ್ತು: ಅವನು ಗಟ್ಟಿಯಾಗಿ ಬೈದ ದಿನ ಅವಳು ಸೋಲಾಪುರದ ಬಸ್ಸು ಹತ್ತುತ್ತಿದ್ದಳು, ಹದಿನೈದು ದಿನಕ್ಕೆ ಅವನೇ ಹೋಗಿ ಕರೆತರಬೇಕಾಗುತ್ತಿತ್ತು. ಅವಳು ಹೆದರಿದ್ದು ಬೇರೆಯದಕ್ಕೆ. ಹುಳುವಿನ ಮೇಲೆ ಹೊಟ್ಟೆಕಿಚ್ಚುಪಟ್ಟಳು ಎಂದು ಅವನಿಗೆ ಗೊತ್ತಾಗಿಬಿಟ್ಟರೆ ಆಮೇಲೆ ಯಾವ ಮುಖ ಹೊತ್ತುಕೊಂಡು ಅವನೆದುರು ಓಡಾಡುವುದು?

ಅವನು ಪೆಟ್ಟಿಗೆಯ ಹತ್ತಿರ ಹೋಗಿ ಒಂದು ಗಳಿಗೆ ನಿಂತ. ಹೆಗಲ ಮೇಲಿನ ಟಾವೆಲಿನಿಂದ ಗಾಜನ್ನು ಒರೆಸಿದ. "ಹೌದು, ಮರತಿರಬೇಕು" ಎಂದ.

ಆಮೇಲೆ ಫೋನು ಹಚ್ಚಿದ. ಸುಹಾಸ ವಿಡಿಯೋದಲ್ಲಿ ನೋಡಿ, ಕೂಡಲೇ ಸೀಳಿನ ಮೇಲೆ ಕಾರ್ನ್‌ಫ್ಲೋರ್ ಉದುರಿಸಬೇಕು, ಒಸರುವುದು ನಿಂತರೆ ಉಳಿಯಬಹುದು, ನಿಲ್ಲದಿದ್ದರೆ ಅರ್ಧ ತಾಸು ಅಷ್ಟೇ ಎಂದ. ಮನೆಯಲ್ಲಿ ಕಾರ್ನ್‌ಫ್ಲೋರ್ ಇರಲಿಲ್ಲ. ಎಪ್ಪತ್ತರ ಮುದುಕ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದ.

ಭೀಮವ್ವ ಹುಳುವಿನ ಜೊತೆ ಒಬ್ಬಳೇ ಉಳಿದಳು. ನೀಲಿ ನೀರು ಫರಸಿಯ ಮೇಲೆ ರೂಪಾಯಿಯಗಲ ಆಗಿತ್ತು. ಅದರ ಒಂದು ಮುಂಗಾಲು ಮೆಲ್ಲಗೆ ಎದ್ದು, ಏನನ್ನೋ ಹುಡುಕಿ, ಮತ್ತೆ ನೆಲಕ್ಕೆ ಬಿತ್ತು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ತಂದು, ಉಗುರಿನಿಂದ ಕೆರೆದು, ನುಣ್ಣನೆಯ ಪುಡಿಯನ್ನು ಮೂರು ಚಿಟಿಕೆ ಸೀಳಿನ ಮೇಲೆ ಉದುರಿಸಿದಳು. ಲಿಂಗಪೂಜೆಯ ವಿಭೂತಿಯನ್ನು ಹುಳುವಿಗೆ ಹಚ್ಚಿದರೆ ಪಾಪವೋ ಪುಣ್ಯವೋ ಎಂದು ಯೋಚಿಸುವ ಹೊತ್ತಲ್ಲ ಅದು. ಚಿಕ್ಕಂದಿನಲ್ಲಿ ಮೊಣಕಾಲು ತರಚಿದಾಗಲೂ ಅವಳ ತಾಯಿ ಹಚ್ಚುತ್ತಿದ್ದದ್ದು ಅದನ್ನೇ. ಪುಡಿ ನೀರು ಕುಡಿದು ಗಟ್ಟಿಯಾಯಿತು. ಒಸರುವುದು ನಿಂತಿತು.

ಕಾರ್ನ್‌ಫ್ಲೋರ್ ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಂದ ಈರಬಸಪ್ಪ ಹುಳುವಿನ ಹೊಟ್ಟೆಯ ಮೇಲಿನ ಬಿಳಿಯನ್ನು ನೋಡಿದ. "ಏನ್ ಹಚ್ಚಿದಿ?"

"ಈಬತ್ತಿ."

ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ. "ಲಿಂಗದೀಕ್ಷಾ ಕೊಟ್ಟಂಗಾತು. ಇನ್ನ ಇದಕ್ಕ ರೋಜಿ ಅನ್ನಬಾರದು. ಶರಣವ್ವ ಅನ್ನೂಣು."

ಹೀಗೆ ಸವತಿಗೆ ಹೊಸ ಹೆಸರನ್ನೂ ಜಾತಿಯನ್ನೂ ಭೀಮವ್ವ ತಾನೇ ಕೈಯಾರೆ ಕೊಟ್ಟಂತಾಯಿತು.

ಸುಹಾಸ ಆರೈಕೆಯ ಕ್ರಮ ಹೇಳಿದ. ಪುಡಿ ಗಟ್ಟಿಯಾದದ್ದನ್ನು ಕೀಳಬಾರದು. ಮತ್ತೆ ಒಸರಿದರೆ ಮತ್ತೆ ಹಾಕಬೇಕು. ಎಂಟು ದಿನ ತಿನಿಸು ಬೇಡ, ನೀರು ಮಾತ್ರ. ನಡೆಯಲಾರದು, ಆದ್ದರಿಂದ ಡ್ರಾಪರಿನಿಂದ ಬಾಯಿಯ ಹತ್ತಿರವೇ ಒಂದೊಂದು ಹನಿ ಬಿಡಬೇಕು, ಮೈಮೇಲೆ ಬೀಳಬಾರದು. ಈ ಕೆಲಸಕ್ಕೆ ನಡುಗದ ಕೈ ಬೇಕು. ಈರಬಸಪ್ಪನ ಕೈಗಳು ಎರಡು ವರ್ಷದಿಂದ ನಡುಗುತ್ತಿದ್ದವು. ಭೀಮವ್ವನ ಕೈ ಮಾತ್ರ ಕಸೂತಿಯ ಕೈ. ಹುಡುಗಿಯಾಗಿದ್ದಾಗಿನಿಂದ ಸೀರೆಯ ಎಳೆ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ ತೆಗೆದ ಕೈ.

"ಇನ್ನ ನಿನ್ನ ಕೈಯಾಗಽ ಅದ" ಎಂದ ಅವನು.

ಮರುದಿನ ಬೆಳಿಗ್ಗೆ ಭೀಮವ್ವ ಏಳುವ ಮೊದಲೇ ಮಂಚದ ಪಕ್ಕ ಕಪ್ಪು-ಬಸಿಯ ಸದ್ದಾಯಿತು. ಈರಬಸಪ್ಪ ಚಹಾ ಮಾಡಿ ತಂದಿದ್ದ. ನಡುಗುವ ಕೈಯಿಂದ ಅರ್ಧ ಚಹಾ ಬಸಿಗೆ ಚೆಲ್ಲಿತ್ತು, ಸಕ್ಕರೆ ಹೆಚ್ಚಾಗಿತ್ತು, ಶುಂಠಿ ಹಾಗೇ ತೇಲುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಅವಳು ಗಂಡನ ಕೈಯ ಚಹಾ ಕುಡಿದದ್ದು ಅದೇ ಮೊದಲು. ಬಸಿಯಲ್ಲಿದ್ದದ್ದನ್ನೂ ಬಿಡದೆ ಕುಡಿದಳು.

ಆ ದಿನದಿಂದ ಮನೆಯ ಗಾಳಿಯೇ ಬೇರೆಯಾಯಿತು. "ತಿಂದೇನು?" ಎಂದು ಕೇಳುತ್ತಿದ್ದ. "ಬಟ್ಟಿ ನಾ ಒಣಗಹಾಕ್ತೀನಿ, ನೀ ಕೈ ದಣಿಸ್ಕೋಬ್ಯಾಡ" ಎನ್ನುತ್ತಿದ್ದ. ಬೆಳಿಗ್ಗೆ, ಸಂಜೆ ಇಬ್ಬರೂ ಪೆಟ್ಟಿಗೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂಡುತ್ತಿದ್ದರು. ಅವನು ಬ್ಯಾಟರಿ ಹಿಡಿದರೆ ಅವಳು ಹನಿ ಬಿಡುತ್ತಿದ್ದಳು. ಅವನ ತಲೆಗೂದಲಿನ ಎಣ್ಣೆಯ ವಾಸನೆ ಇಷ್ಟು ಹತ್ತಿರದಿಂದ ಬಂದು ಎಷ್ಟು ವರ್ಷವಾಗಿತ್ತೋ. ಒಂದು ಸಂಜೆ ಅವನು ತೀರ ಮೆತ್ತಗೆ "ಶಾಣ್ಯಾಕಿ ನೀ, ನನ್ನವ್ವಾ" ಎಂದ. ಭೀಮವ್ವನ ಕೆನ್ನೆ ಈ ವಯಸ್ಸಿನಲ್ಲೂ ಬೆಚ್ಚಗಾಯಿತು. ತಿರುಗಿ ನೋಡಿದರೆ ಅವನ ಕಣ್ಣು ಹುಳುವಿನ ಮೇಲಿತ್ತು. ಅದು ಮೊದಲ ಸಲ ನೀರಿಗೆ ಬಾಯಿ ಹಚ್ಚಿತ್ತು.

ಡ್ರಾಪರನ್ನು ಅಲ್ಲೇ ಎಸೆದು ಎದ್ದುಹೋಗಬೇಕೆನಿಸಿತು. ಎದ್ದುಹೋದರೆ ನಾಳೆ ಚಹಾ ಬರುವುದಿಲ್ಲ ಎಂದು ಕೂತಳು.

ಅಂದಿನಿಂದ ಅವಳು ಅವನ ಒಂದೊಂದು ಮಾತನ್ನೂ ತೂಗಿ ನೋಡತೊಡಗಿದಳು. ಸುಹಾಸನಿಗೆ ಫೋನಿನಲ್ಲಿ ಅವನು ಹೊಗಳುತ್ತಿದ್ದ, ನಿಜ. "ಇಕೀ ಕೈ ಇದ್ದದ್ದಕ್ಕ ಉಳೀತು ನೋಡಪಾ. ಏನ್ ಕೈ ಅಂತಿ" ಎಂದು ಮರಾಠಿಯ ನಡುವೆ ಕನ್ನಡ ತೂರಿಸಿ ಹೇಳುತ್ತಿದ್ದ. ಯಾವಾಗಲೂ ಕೈ. ಆ ಹೊಗಳಿಕೆ ಮಣಿಕಟ್ಟಿನಿಂದ ಮೇಲಕ್ಕೆ ಒಂದು ದಿನವೂ ಹತ್ತಲಿಲ್ಲ. ಚಹಾ ತನಗೋ, ಕೈಗೋ? ಕೇಳಿಬಿಡೋಣವೆಂದರೆ ಉತ್ತರದ ಭಯ. ಈ ಸಂಕಟದ ಜೊತೆಗೆ ಇನ್ನೊಂದು: ಸವತಿ ಬದುಕಿದರೆ ತನ್ನ ಪಾಪ ಕಳೆಯುತ್ತದೆ, ಆದರೆ ಸವತಿ ಗುಣವಾದ ದಿನ ಗಂಡ ಮತ್ತೆ ಹಳೆಯ ಗಂಡನಾಗುತ್ತಾನೆ. ದೇವರ ಮುಂದೆ ಕೂತು ಏನು ಬೇಡಬೇಕೆಂದು ತಿಳಿಯದೆ ಅವಳು ಬರಿದೆ ಕೈಮುಗಿದು ಎದ್ದುಬರುತ್ತಿದ್ದಳು.

ಒಂಬತ್ತನೆಯ ದಿನದಿಂದ ಸುಹಾಸ ಹೇಳಿದಂತೆ ತಿನಿಸು ಶುರುವಾಯಿತು. ಅಂಗಡಿಯಿಂದ ಡಬ್ಬಿಯಲ್ಲಿ ತರಿಸಿದ ಸಾಕಿದ ಜಿರಳೆ. ಅದನ್ನು ಕೊಂದು, ಜಜ್ಜಿ, ಚಿಮಟದಲ್ಲಿ ಹಿಡಿದು ಬಾಯಿಗೆ ಮುಟ್ಟಿಸಬೇಕು. ಮಡಿಮೈಲಿಗೆ ಎಂದು ಮೊಟ್ಟೆಯನ್ನೂ ಕೈಯಿಂದ ಮುಟ್ಟದ ಭೀಮವ್ವ ಮೂಗು ಮುಚ್ಚಿಕೊಂಡು ಅದನ್ನೂ ಮಾಡಿದಳು. ಹದಿನಾರನೆಯ ದಿನ, ಈರಬಸಪ್ಪ ಸ್ನಾನಕ್ಕೆ ಹೋಗಿದ್ದಾಗ, ಶರಣವ್ವ ತಾನಾಗಿ ನಾಲ್ಕು ಹೆಜ್ಜೆ ನಡೆದು ಬಂದು ಚಿಮಟದಿಂದ ತಿನಿಸನ್ನು ಕಸಿದುಕೊಂಡಿತು. ಗುಣವಾಗಿತ್ತು. ಅವನು ಸ್ನಾನ ಮುಗಿಸಿ ಬಂದು "ಹೆಂಗ ಅದ?" ಎಂದ.

"ಇನ್ನೂ ಶಕ್ತಿ ಇಲ್ಲ. ಕೈಲೇನಽ ತಿನ್ನಿಸಬೇಕು" ಎಂದಳು ಭೀಮವ್ವ. ನಾಲಿಗೆ ಕಚ್ಚಿಕೊಳ್ಳಬೇಕಿತ್ತು, ಕಚ್ಚಿಕೊಳ್ಳಲಿಲ್ಲ. ಆ ಸುಳ್ಳಿನ ಬಲದಿಂದ ಇನ್ನೂ ಆರು ದಿನ ಚಹಾ ಕುಡಿದಳು.

ಆರನೆಯ ದಿನ ಸುಹಾಸ ವಿಡಿಯೋದಲ್ಲಿ ನೋಡಿಬಿಟ್ಟ. ಶರಣವ್ವ ಗಾಜು ಹತ್ತುತ್ತಿತ್ತು. "ಕಾಕಾ, ಇದಕ್ಕೆ ಇನ್ನು ಯಾರ ಕೈಯೂ ಬೇಡ. ಸುಮ್ಮನೆ ಬಿಟ್ಟುಬಿಡಿ" ಎಂದ.

ಮರುದಿನ ಬೆಳಿಗ್ಗೆ ಭೀಮವ್ವ ಎಚ್ಚರವಾಗಿಯೇ ಕಣ್ಣುಮುಚ್ಚಿ ಮಲಗಿದ್ದಳು. ಬಸಿಯ ಸದ್ದು ಕೇಳಿಸಲಿಲ್ಲ. ಹೊರಗೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ "ಶರಣವ್ವಾ, ಎದ್ದೇನು?" ಎಂಬ ದನಿ.

ಅವಳು ಎದ್ದು ಬಂದು ಪೆಟ್ಟಿಗೆಗೂ ಅವನಿಗೂ ನಡುವೆ ನಿಂತಳು. ತಲೆ ಕೆದರಿತ್ತು, ಸೆರಗು ನೆಲಕ್ಕೆ ಬಿದ್ದಿತ್ತು.

"ಅವತ್ತ ಚಿಲಕಾ ನೀವು ಹಾಕಿದ್ರಿ. ಪೆಟಗಿ ಎತ್ತಿದಾಕಿ ನಾನು. ಬೀಳ್ತಿತ್ತು, ಹಿಡೀಬಹುದಿತ್ತು, ಹಿಡೀಲಿಲ್ಲ. ನನಗ ಇದರ ಮ್ಯಾಲ ಹೊಟ್ಟಿಕಿಚ್ಚು. ಸಾಯ್ಲಿ ಅಂತಽ ಬಿಟ್ಟೆ."

 ಈರಬಸಪ್ಪ ಬೆಚ್ಚಿಬೀಳಲಿಲ್ಲ.

"ಗೊತ್ತದ" ಎಂದ.

"ಏನ್ ಗೊತ್ತದ?"

"ಎತ್ತಿದಾಕಿ ನೀ ಅಂತ. ಗಾಜಿನ ಮ್ಯಾಲ ಎರಡೂ ಕಡೆ ನಿನ್ನ ಬೆರಳಿನ ಹಿಟ್ಟು ಇತ್ತು. ನಾನಽ ಒರಸಿದೆ."

 ಇಪ್ಪತ್ತೆರಡು ದಿನ. ಇಪ್ಪತ್ತೆರಡು ದಿನ ಎಲ್ಲ ಗೊತ್ತಿದ್ದೂ ಮಗ್ಗುಲಲ್ಲಿ ಕೂತು ಬ್ಯಾಟರಿ ಹಿಡಿದಿದ್ದನಲ್ಲ. ಇವನು ದೇವರಂಥವನು ಎಂದು ಭೀಮವ್ವನಿಗೆ ಒಂದು ಗಳಿಗೆ ಅನಿಸಿಬಿಟ್ಟಿತು.

"ಗೊತ್ತಿದ್ರೂ ಯಾಕ ಬೈಲಿಲ್ಲ?"

ಆ ಒಂದು 'ಮರತಿರಬೇಕು' ಬಿಟ್ಟರೆ ಈರಬಸಪ್ಪ ಸುಳ್ಳು ಬಾರದ ಮನುಷ್ಯ. ಒಳಬಂದ ಹೊತ್ತು, ಹೊರಹೋದ ಹೊತ್ತು ಇದ್ದದ್ದನ್ನು ಇದ್ದಂತೆ ಬರೆದವನು. "ಬೈದಿದ್ರ ನೀ ಸೋಲಾಪುರದ ಬಸ್ಸು ಹತ್ತತಿದ್ದಿ. ನನ್ನ ಕೈ ನೋಡು ಹೆಂಗ ನಡಗತಾವ. ಇದನ್ನ ಯಾರು ನೋಡ್ಕೋತಿದ್ರು?"

"ಹಂಗಾದ್ರ ಚಹಾ?"

"ನಿನ್ನ ಕೈ ದಣೀಬಾರದಂತ" ಎಂದ ಅವನು. 

ಹಿಂದಿನ ಭೀಮವ್ವನಾಗಿದ್ದರೆ ಇಷ್ಟು ಹೊತ್ತಿಗೆ ಮಂಚದಡಿಯ ಚೀಲ ಎಳೆದಿರುತ್ತಿದ್ದಳು. ಈಗ ಅವಳಿಗೆ ಬಸ್ಸು ನೆನಪಾಗಲಿಲ್ಲ. ಕುಡಿದ ಇಪ್ಪತ್ತೊಂದು ಕಪ್ಪು ಚಹಾ ಒಂದೊಂದಾಗಿ ನೆನಪಾದವು. ಗಂಡನ ಅಕ್ಕರೆ ಹುಳುವಿಗೆ ಹೋದದ್ದಾಯಿತು. ತನ್ನ ಪಾಲಿನ ಸಿಟ್ಟನ್ನೂ ಅವನು ಹುಳುವಿಗೋಸ್ಕರ ತಡೆಹಿಡಿದಿದ್ದ. ಇದನ್ನು ಅವಳು ಸಹಿಸಲಾರಳು. ಇನ್ನೊಂದು ಕುರ್ಚಿಯನ್ನು ಎಳೆದು ಅವನ ಎದುರು ಹಾಕಿ ಕೂತಳು.

"ಈಗ ಅದಕ್ಕ ಗುಣ ಆಗೇದ. ಯಾರ ಕೈಯೂ ಬೇಕಾಗಿಲ್ಲ. ನಾ ಎಲ್ಲಿಗೂ ಹೋಗಂಗಿಲ್ಲ. ಬೈರಿ."

"ಏನ್ ಬೈಯೂದು ಈಗ?"

"ಅವತ್ತ ಏನ್ ಬೈಯೂದಿತ್ತೋ ಅದನ್ನ."

ಈರಬಸಪ್ಪ ಗಂಟಲು ಸರಿಮಾಡಿಕೊಂಡ. "ನಿನಗ ಬುದ್ಧಿ ಇಲ್ಲ" ಎಂದ, ರೇಡಿಯೋದಲ್ಲಿ ಹವಾಮಾನ ಓದುವವನಂತೆ.

"ಇಷ್ಟಽ ಏನು? ಪಲ್ಯಾಕ್ಕ ಉಪ್ಪು ಹೆಚ್ಚಾದ್ರ ಇದಕಿಂತ ಜೋರ್ ಬೈತಿದ್ರಿ."

ಅವನು ಮತ್ತೆ ಶುರು ಮಾಡಿದ. ಮೊದಮೊದಲು ತಡವರಿಸಿದ, ಆಮೇಲೆ ಮಾತು ಹಾದಿಗೆ ಬಿತ್ತು. ಬಾಯಿಲ್ಲದ ಜೀವ ಅದು, ನಿನಗೇನು ಮಾಡಿತ್ತು ಎಂದ. ಈ ವಯಸ್ಸಿನಲ್ಲಿ ನಾಚಿಕೆಯಾಗಲಿಲ್ಲವೇ ಎಂದ. ಸುಳ್ಳು ಹೇಳಿದಿ, ನನ್ನ ಮೇಲೆ ಹಾಕಿದಿ, ಮೂವತ್ನಾಲ್ಕು ವರ್ಷ ಒಂದು ದಿನವೂ ಬೀಗ ಮರೆಯದ ಮನುಷ್ಯನಿಗೆ ಚಿಲಕ ಮರೆತಿ ಎಂದಿ ಎಂದ. ದನಿ ಏರಿತು, ಕುತ್ತಿಗೆಯ ನರ ಉಬ್ಬಿತು. ಅವನ ಕಣ್ಣು ಅವಳ ಮುಖದ ಮೇಲೇ ನೆಟ್ಟಿತ್ತು. ಎಂಟು ತಿಂಗಳಲ್ಲಿ ಅವನು ಅವಳನ್ನು ಇಷ್ಟು ಹೊತ್ತು ನೋಡಿದ್ದೇ ಇರಲಿಲ್ಲ. ಭೀಮವ್ವ ಬೆನ್ನು ನೆಟ್ಟಗೆ ಮಾಡಿ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.

ಅಷ್ಟರಲ್ಲಿ ಅವನ ಕಣ್ಣು ಅವಳ ಭುಜದ ಮೇಲಿಂದ ಹಾಯ್ದು ಪೆಟ್ಟಿಗೆಯ ಕಡೆ ಹೋಯಿತು. ಹುಳು ಗಾಬರಿಯಾದೀತೆಂದು ಅವನು ದನಿ ತಗ್ಗಿಸಿದ.

ಅದು ಅವಳಿಗೆ ತಿಳಿಯದೆ ಹೋಗಲಿಲ್ಲ. ಕಣ್ಣಲ್ಲಿ ಫಕ್ಕನೆ ನೀರು ಬಂತು. ಇಷ್ಟೆಲ್ಲ ಬೈಸಿಕೊಂಡಾಗ ಬಾರದ ನೀರು.

"ಜೋರ್ ಬೈರಿ" ಎಂದಳು. "ಅದಕ್ಕ ಕಿವಿ ಇಲ್ಲ."

ಈರಬಸಪ್ಪ ಅವಳನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದ.  ಆಮೇಲೆ ಎದ್ದು, ಅವಳ ಕುರ್ಚಿಯನ್ನು ಸುತ್ತಿ ಬಂದು, ತನ್ನ ಕುರ್ಚಿಯನ್ನು ಅವಳಿಗೂ ಪೆಟ್ಟಿಗೆಗೂ ನಡುವೆ ಎಳೆದು ಹಾಕಿದ. ಅವಳನ್ನೂ ಇತ್ತ ತಿರುಗಿ ಕೂಡು ಎಂದ. ಪೆಟ್ಟಿಗೆಗೆ ಬೆನ್ನು ಮಾಡಿ ಕೂತು, ಮೊದಲಿನಿಂದ, ಜೋರಾಗಿ ಬೈಯತೊಡಗಿದ.